ಬಟ್ಟಲು ಬರಿದಾಗಿ ಮರಳಬಾರದು

ತೆಹರಾನಿನಲ್ಲಿ ಯಾರಾದರೂ ನಿಮ್ಮ ವಸ್ತುವನ್ನು ಹೊಗಳಿದರೆ “ನಿಮ್ಮದೇ, ಇಟ್ಟುಕೊಳ್ಳಿ” ಎನ್ನಬೇಕು. ಹೊಗಳಿದವರು “ಅಯ್ಯೋ, ನಿಮ್ಮ ಕೈಯಲ್ಲೇ ಚೆಂದ” ಎನ್ನಬೇಕು. ನಮ್ಮಲ್ಲಿ ಟ್ಯಾಕ್ಸಿಯವನೂ ಬಾಡಿಗೆ ಬೇಡವೆನ್ನುತ್ತಾನೆ. ಕೊಡದೆ ಇಳಿದವರನ್ನು ಮಾತ್ರ ನಾನು ಕಂಡಿಲ್ಲ.

ಕೆಳಮನೆಯ ಫರಂಗೀಸ್ ಹುಡುಗಿಯಾಗಿದ್ದಾಗಿನಿಂದ ತೆರೆಯ ಮೇಲೆ ಅತ್ತವಳು, ಊರನ್ನೇ ಅಳಿಸಿದವಳು. ಒಮ್ಮೆ ಪ್ರಶಸ್ತಿ ವೇದಿಕೆಯಲ್ಲಿ, ಮುಷ್ಕರ ಹೂಡಿ ಸೆರೆಯಾದ ಶಿಕ್ಷಕಿಯರ ಹೆಸರುಗಳನ್ನು ಓದಿಬಿಟ್ಟಳು. ಅಂದಿನಿಂದ ಪಾತ್ರಗಳಿಲ್ಲ. ಹಳೆಯ ಪೋಸ್ಟರುಗಳಲ್ಲಿ ಅವಳ ಮುಖದ ಮೇಲೆ ಸರ್ಕಾರದವರು ಹೂಕುಂಡ ಬರೆಸಿದರು.

“ಹೂಕುಂಡ ನನಗಿಂತ ಚೆನ್ನಾಗಿ ನಟಿಸ್ತಿದೆ, ಹಾಜ್ ಖಾನುಮ್,” ಎಂದು, ಹಜ್ ಮುಗಿಸಿ ಬಂದ ಮೇಲ್ಮನೆಯ ಮುದುಕಿ ನನ್ನೆದುರು ನಕ್ಕಿದ್ದಳು.

ಅಷ್ಟಕ್ಕೇ ಬಿಡಲಿಲ್ಲ. ಟಿವಿಯಲ್ಲಿ ತಪ್ಪೊಪ್ಪಿಕೊಳ್ಳಬೇಕು, ಇಲ್ಲವಾದರೆ ಸೆರೆಮನೆ. ಒಂದು ಬೆಳಿಗ್ಗೆ ಸರ್ಮದಿ ಎಂಬ ಅಧಿಕಾರಿ ಚಿತ್ರೀಕರಣಕ್ಕೆಂದು ಬಂದರು. ಕಚೇರಿಯ ಕ್ಯಾಮೆರಾ ಕೆಟ್ಟಿತ್ತಂತೆ. ಮಗಳ ಮದುವೆಗೆ ಕೊಂಡ ಸ್ವಂತದ್ದನ್ನೇ ತಂದಿದ್ದರು. ಫರಂಗೀಸ್ ಕರೆದಳೆಂದು ನಾನೂ ಜಪಮಾಲೆ ಹಿಡಿದು ಮೂಲೆಯಲ್ಲಿ ಕುಳಿತೆ.

“ಕಿಟಕಿಗೆ ಬೆನ್ನು ಮಾಡಿ ನಿಂತ್ಕೊಳ್ಳಿ ಆಘಾ. ಇಲ್ಲಾಂದ್ರೆ ನಾನು ಪಶ್ಚಾತ್ತಾಪ ಪಡೋ ದೆವ್ವದ ಥರ ಕಾಣ್ತೀನಿ.”

ಸ್ವಾಮಿ ಎಂಬಂತೆ ‘ಆಘಾ’ ಎನಿಸಿಕೊಂಡ ಸರ್ಮದಿ ವಿಧೇಯವಾಗಿ ಸರಿದು ನಿಂತರು.

ಅವಳು ತಪ್ಪೊಪ್ಪಿಕೊಂಡಳು. ದಿನವೂ ಸಂಜೆ ಅಪ್ಪನ ಬಾಯಿಂದ ಕಾವ್ಯ ಕೇಳಿ ಬೆಳೆದ ಕಿವಿ ನನ್ನದು. ಉಸಿರಿನಿಂದ ಬಂದ ಸಾಲು ಯಾವುದು, ಬಾಯಿಪಾಠದ್ದು ಯಾವುದು ಎಂದು ತಿಳಿಯುತ್ತದೆ. ಇದು ಬಾಯಿಪಾಠ. ಆದರೆ ಸೆರೆಯಲ್ಲಿ ಟಿವಿ ನೋಡುವ ಆ ಹೆಣ್ಣುಮಕ್ಕಳಿಗೆ ಅದು ಹೇಗೆ ತಿಳಿದೀತು? ನನ್ನ ಮಣಿಗಳು ನಿಂತುಹೋದವು. ಸರ್ಮದಿ ಮಾತ್ರ ಕರವಸ್ತ್ರದಲ್ಲಿ ಕಣ್ಣೊತ್ತಿಕೊಂಡರು.

ಚಹಾ ಬಂತು. ಬೇಡ, ಬೇಡವೇ ಬೇಡ ಎಂದು ಕುಡಿದದ್ದೂ ಆಯಿತು.

“ಎಂಥಾ ಕ್ಯಾಮೆರಾ ಆಘಾ! ಇಂಥದ್ದು ನಾನು ನೋಡೇ ಇಲ್ಲ,” ಎಂದಳು ಫರಂಗೀಸ್.

“ನಿಮ್ಮದೇ, ಖಾನುಮ್. ಇಟ್ಕೊಳ್ಳಿ.” ನಾಲಗೆ ತಾನಾಗಿಯೇ ಹೊರಳಿತು.

“ಹೌದಾ? ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ!” ಎಂದವಳೇ ಅದನ್ನೆತ್ತಿ ಮಡಿಲಲ್ಲಿಟ್ಟುಕೊಂಡಳು.

ಸರ್ಮದಿಯವರ ಮೀಸೆ ಅದುರಿತು. “ಅಲ್ಲ... ಒಳಗೆ ಟೇಪು...”

ನಾನು ಯಾರ ಮಾತಿನ ನಡುವೆಯೂ ಬಾಯಿ ಹಾಕುವವಳಲ್ಲ. ಅಂದು ಹಾಕಿದೆ. “ದಾಳಿಂಬೆ ಕೊಟ್ಟು ಕಾಳು ವಾಪಸ್ ಕೇಳ್ತಾರೇನಪ್ಪಾ? ದೇವರ ಹೆಸರು ಹಿಡಿದು ಕೂತಿದೀನಿ, ನಾನೇ ಸಾಕ್ಷಿ.”

ಅವರು ನನ್ನನ್ನು ನೋಡಿದರು, ಜಪಮಾಲೆಯನ್ನು ನೋಡಿದರು. “ನನ್ನ ಹೆಂಡತಿಗೆ ಏನು ಹೇಳ್ಲಿ, ತಾಯಿ?” ಎಂದರು, ಮೆಲ್ಲಗೆ.

ಫರಂಗೀಸ್ ಒಳಗಿನಿಂದ ನೀಲಿ ಬಟ್ಟಲಿನ ತುಂಬ ಸೀಮೆದಾಳಿಂಬೆಯ ಮುರಬ್ಬ ತಂದು ಅವರ ಕೈಗಿತ್ತಳು. “ಇದನ್ನ ಕೊಡಿ. ಮಾತು ಅದೇ ಆಡುತ್ತೆ.”

ಟೇಪು ಸಿಕ್ಕಿಹಾಕಿಕೊಂಡು ಹಾಳಾಯಿತೆಂದು ಸರ್ಮದಿ ಕಚೇರಿಯಲ್ಲಿ ಹೇಳಿದರಂತೆ. ಮತ್ತೆ ಯಾರನ್ನಾದರೂ ಕಳಿಸುತ್ತಾರೆಂದು ನಾವು ಎದೆ ಹಿಡಿದು ಕಾದೆವು. ಯಾರೂ ಬರಲಿಲ್ಲ; ಬಟ್ಟಲು ಬಂತು, ಹೊಸ್ತಿಲಿನ ಮೇಲೆ, ಬಟ್ಟೆ ಮುಚ್ಚಿಕೊಂಡು. ನೆರೆಯವರ ಬಟ್ಟಲನ್ನು ಬರಿದಾಗಿ ಮರಳಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ.

ಒಳಗೆ ಕ್ಯಾಮೆರಾದ ಚಾರ್ಜರ್ ಇತ್ತು.

“ಹಾಜ್ ಖಾನುಮ್, ಕಿಟಕಿ ಕಡೆ ಮುಖ ಮಾಡಿ ಕೂತ್ಕೊಳ್ಳಿ,” ಎಂದಳು ಫರಂಗೀಸ್. “ನಿಮ್ಮಪ್ಪ ಹೇಳ್ತಿದ್ದ ಆ ಕಾವ್ಯ ಹೇಳಿ. ಇವತ್ತು ನಾಯಕಿ ನೀವೇ.”