ಒಂಟಿ ಸವಾರಿ

“ಒಂಟಿ ಬರಕೋ, ಒಂಟಿ! ನಮ್ಮವ್ವಗ ಒಂಟಿ ಬೇಕಾಗ್ಯದ!” ಎಂದು ಶಿವಪ್ರಸಾದ ಫೋನಿನಲ್ಲಿ ಕೂಗುತ್ತಿದ್ದ. ಪಡಸಾಲೆಯಲ್ಲಿ ಕುಳಿತವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ರೊಟ್ಟಿ ಬಡಿಯುತ್ತಿದ್ದ ನೀಲಗಂಗಾ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು, “ಅಲ್ಲೋ ತಮ್ಮಾ, ನಾ ಅಂದಿದ್ದು…” ಎನ್ನುವಷ್ಟರಲ್ಲಿ ಹಿಂದಿನಿಂದ ರೊಟ್ಟಿ ಸೀದ ವಾಸನೆ ಬಂತು. ಅವಳು ಒಳಗೆ ಓಡಿದಳು. ಅವಳು ರೊಟ್ಟಿ ತಿರುವಿ ಹಾಕುವುದರೊಳಗೆ ಒಂಟೆ ಬುಕ್ ಆಗಿಹೋಗಿತ್ತು.

ಮಹಾರಾಷ್ಟ್ರದ ಗಡಿಯೊಳಗಿನ ನಿಲಂಗಾ ಊರಿನ ಕಡೆ ಕನ್ನಡದಲ್ಲಿ ಮನೆ ಮನಿಯಾಗುತ್ತದೆ, ಎಲೆ ಎಲಿಯಾಗುತ್ತದೆ, ಒಂಟೆ ಒಂಟಿಯಾಗುತ್ತದೆ. ಒಬ್ಬರೇ ಇರುವುದಕ್ಕೂ ಒಂಟಿ ಎಂದೇ ಹೆಸರು. ಯಾವ ಒಂಟಿ ಎಂದು ತಿಳಿಯಬೇಕಾದರೆ ಹೇಳುವವರ ಮಾತನ್ನು ಕೊನೆಯವರೆಗೂ ಕೇಳಬೇಕು. ನೀಲಗಂಗಾಳ ಮಾತನ್ನು ಕೊನೆಯವರೆಗೂ ಕೇಳುವಷ್ಟು ಪುರುಸೊತ್ತು ಆ ಮನೆಯಲ್ಲಿ ಯಾರಿಗಿತ್ತು?

ಶಿವಪ್ರಸಾದನದು ಬಸ್ ಸ್ಟ್ಯಾಂಡಿನ ಹತ್ತಿರ ಬೀಜ ಗೊಬ್ಬರದ ಅಂಗಡಿ. ಈ ವರ್ಷ ಸೋಯಾಬೀನ್ ಬೀಜ ಭರ್ಜರಿಯಾಗಿ ಮಾರಿದ್ದಕ್ಕೆ ಬೀಜದ ಕಂಪನಿಯವರು ಮೆಚ್ಚಿ, ಮನೆಮಂದಿಗೆಲ್ಲ ದುಬೈ ಪ್ರವಾಸ ಇನಾಮು ಕೊಟ್ಟಿದ್ದರು. ಹೊರಡುವವರು ಅವನು, ಶಾಲೆಯಲ್ಲಿ ಕಲಿಸುವ ಅವನ ಹೆಂಡತಿ ಶೈಲಶ್ರೀ, ಅಪ್ಪ ಸಿದ್ಧಯ್ಯ, ಅವ್ವ ನೀಲಗಂಗಾ. ಎಲ್ಲಿ ಇಳಿಯಬೇಕು, ಏನು ನೋಡಬೇಕು ಎಲ್ಲ ಕಂಪನಿಯವರೇ ನಿಗದಿ ಮಾಡಿದ್ದರು. ಒಂದು ದಿನ ಮಾತ್ರ ಅವರವರ ಇಷ್ಟಕ್ಕೆ ಬಿಟ್ಟಿದ್ದರು. ಆ ದಿನ ಯಾರಿಗೆ ಏನು ಬೇಕು ಕೇಳಿ ಹೇಳಿ ಎಂದು ಪ್ರವಾಸದ ವ್ಯವಸ್ಥೆ ನೋಡುವ ಉದಗೀರದ ರವಿಕಾಂತ ಬೆಳಿಗ್ಗೆಯಿಂದ ಫೋನಿನ ಮೇಲೆ ಫೋನು ಮಾಡುತ್ತಿದ್ದ.

ಶಿವಪ್ರಸಾದನಿಗೆ ಆಕಾಶಕ್ಕೆ ಮುಟ್ಟುವ ಆ ಗೋಪುರದ ತುದಿಗೆ ಹೋಗಿ ಫೋಟೊ ತೆಗೆಸಿಕೊಳ್ಳಬೇಕಿತ್ತು. ಶೈಲಶ್ರೀಗೆ ಬಂಗಾರದ ಬಜಾರು. “ತಗೋಳೋದಿಲ್ರಿ, ಬರೇ ನೋಡೋದು,” ಎಂದಳು. ಯಾರೂ ನಂಬಲಿಲ್ಲ. ಸಿದ್ಧಯ್ಯನಿಗೆ ಅಲ್ಲಿ ಶಿವನ ಗುಡಿ ಇದೆಯಂತೆ, ಅದನ್ನು ನೋಡುವ ಆಸೆ. ಅದಕ್ಕಿಂತ ಹೆಚ್ಚಾಗಿ, ಲಿಂಗಪೂಜೆಗೆ ಅಲ್ಲಿ ಬಿಲ್ವಪತ್ರೆ ಸಿಗುತ್ತದೋ ಇಲ್ಲವೋ ಎಂಬ ಚಿಂತೆ. ಕೊನೆಗೆ ಶೈಲಶ್ರೀ ಒಳಗೆ ಇಣುಕಿ, “ಅತ್ಯಾ, ನಿಮಗೇನ್ ಬೇಕ್ರಿ?” ಎಂದು ಕೇಳಿದಳು.

ನಿನಗೇನು ಬೇಕು ಎಂದು ನೀಲಗಂಗಾಳನ್ನು ಯಾರೂ ಕೇಳುವ ರೂಢಿ ಇರಲಿಲ್ಲ. ಆದರೆ ಉತ್ತರ ಮಾತ್ರ ಬಾಯಲ್ಲೇ ಕಾದು ಕುಳಿತಂತೆ ಹೊರಗೆ ಬಂತು. “ನನಗ ಸಮುದ್ರದ ದಂಡ್ಯಾಗ ಒಂದು ತಾಸು ಒಂಟಿ ಕುಂದ್ರಬೇಕಂತ ಆಸಿ ಅದ.”

ದುಬೈ ಎಂದರೆ ಮರಳು, ಮರಳೆಂದರೆ ಒಂಟೆ. ಮುಂದಿನದು ನಿಮಗೆ ಗೊತ್ತೇ ಇದೆ.

ಸಿದ್ಧಯ್ಯನದು ಜಂಗಮರ ಮನೆ. ಓಣಿಯವರಿಗೆಲ್ಲ ಅವನು ಅಯ್ಯಾರು, ಅವಳು ಅಮ್ಮಾವರು. ಮಗುವಿಗೆ ಹೆಸರಿಡಬೇಕೆ, ಬೋರ್ ಹೊಡೆಸಲು ಒಳ್ಳೆಯ ದಿನ ಬೇಕೆ, ದೇವಣಿ ಆಕಳು ಗಬ್ಬ ನಿಲ್ಲುತ್ತಿಲ್ಲವೇ, ಎಲ್ಲದಕ್ಕೂ ಜನ ನೇರ ಪಡಸಾಲೆಗೇ ಬರುತ್ತಿದ್ದರು. ಬಂದವರಿಗೆ ಚಹಾ ಆಗಬೇಕು, ಹೊತ್ತಾಗಿದ್ದರೆ ಊಟವೂ ಆಗಬೇಕು. ನೀಲಗಂಗಾ ಸ್ನಾನಕ್ಕೆ ಹೋದರೂ ಹೊರಗಿನಿಂದ, “ಅಮ್ಮಾವರ, ವಿಭೂತಿ ಗಟ್ಟಿ ಎಲ್ಲದಾವ್ರಿ?” ಎಂದು ಕೂಗು. ಲೋಹಾರಾದ ತವರಿನಲ್ಲೂ ಹೀಗೇ ತುಂಬಿದ ಮನೆ. ಜನ ಎಂದರೆ ಅವಳಿಗೆ ಬೇಸರವೇನೂ ಇರಲಿಲ್ಲ. ಬಂದವರ ಜೊತೆ ನಕ್ಕು ಮಾತಾಡುವುದರಲ್ಲಿ ಅವಳದು ಎತ್ತಿದ ಕೈ. ಆದರೂ ಹುಟ್ಟಿದಾಗಿನಿಂದ ಒಂದು ತಾಸಾದರೂ ತಾನೊಬ್ಬಳೇ ಇದ್ದ ನೆನಪು ಅವಳಿಗಿರಲಿಲ್ಲ. ಹಾಗಿದ್ದರೆ ಹೇಗಿರುತ್ತದೆ ಎಂದು ನೋಡುವ ಆಸೆ ಇತ್ತು. ದೊಡ್ಡ ಆಸೆ.

ಹಾಗಾದರೆ ‘ಆ ಒಂಟಿ ಅಲ್ಲ, ಈ ಒಂಟಿ’ ಎಂದು ಆಮೇಲಾದರೂ ಹೇಳಬಹುದಿತ್ತಲ್ಲ? ಅಲ್ಲೇ ಇತ್ತು ಫಜೀತಿ. ಜಂಗಮರ ಮನೆಯಲ್ಲಿ ಅಶುಭದ ಮಾತಾಡುವುದಿಲ್ಲ. ಅಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚುತ್ತವೆ. ಅಕ್ಕಿ ತೀರುವುದಿಲ್ಲ, ಅದೂ ಹೆಚ್ಚುತ್ತದೆ. ದೀಪ ಆರಿಸುವುದಿಲ್ಲ, ಶಾಂತ ಮಾಡುತ್ತಾರೆ. ಅಂಥ ಮನೆಯ ಮುತ್ತೈದೆ ಕುಂಕುಮ ಹಚ್ಚಿಕೊಂಡು ನಿಂತು ‘ನಾನು ಒಂಟಿ ಇರಬೇಕು’ ಎಂದರೆ ಹೇಗೆ? ಸಿದ್ಧಯ್ಯ ಎದೆ ಒಡೆದುಕೊಳ್ಳುತ್ತಾನೆ. ರೊಟ್ಟಿ ಬಡಿಯುತ್ತ ಬಾಯಿ ಜಾರಿದ್ದೇ ತಪ್ಪಾಯಿತು, ಸದ್ಯ ಇವರಿಗೆ ಒಂಟೆ ಎಂದು ಕೇಳಿಸಿತಲ್ಲ ಎಂದು ಅವಳು ಕೆನ್ನೆಗೆ ಬಡಿದುಕೊಂಡಳು. ಆಸೆಯೇನೋ ಒಳಗೇ ಉಳಿಯಿತು.

ಇತ್ತ ಒಂಟೆಯ ಸುದ್ದಿ ಸಂಜೆಯೊಳಗೆ ಓಣಿಯ ತುಂಬ ಹಬ್ಬಿತು. ಪಕ್ಕದ ಮನೆಯ ಚಂದ್ರಭಾಗಾ ಓಡಿ ಬಂದು, “ಅಮ್ಮಾವರ, ಸೀರಿ ಉಟ್ಟು ಹೆಂಗ್ರೀ ಏರ್ತೀರಿ? ನಮ್ಮ ಮಗಳು ಸುವರ್ಣಾನ ಪಂಜಾಬಿ ಡ್ರೆಸ್ ಕೊಡ್ತೀನಿ ತಗೋರಿ,” ಎಂದಳು. ಪಡಸಾಲೆಗೆ ಬಂದವರೆಲ್ಲ ತಮ್ಮ ಕೆಲಸ ಬಿಟ್ಟು ಒಂಟೆಯ ಬಗ್ಗೆಯೇ ಮಾತಾಡತೊಡಗಿದರು. ಅದು ಉಗುಳುತ್ತದೆ ಎಂದು ಒಬ್ಬರು, ಹೆಸರು ಹಿಡಿದು ಕರೆದರೆ ಸುಮ್ಮನಾಗುತ್ತದೆ ಎಂದು ಇನ್ನೊಬ್ಬರು. ಒಂಟೆ ಮೊದಲು ಹಿಂಗಾಲು ಎತ್ತುತ್ತದೆ, ಆಗ ಮೇಲಿದ್ದವರು ಮುಂದಕ್ಕೆ ಮುಗ್ಗರಿಸುತ್ತಾರೆ ಎಂದು ಶೈಲಶ್ರೀ ಫೋನಿನಲ್ಲಿ ವಿಡಿಯೊ ತೋರಿಸಿದಳು. ಸಿದ್ಧಯ್ಯನಿಗೆ ಗಾಬರಿಯಾಯಿತು. ಮಗನ ಅಂಗಡಿಯ ಗೋದಾಮಿನಲ್ಲಿ ಗೊಬ್ಬರದ ಚೀಲ ಒಟ್ಟಿಸಿ, ಹೆಂಡತಿಯನ್ನು ಅದರ ಮೇಲೆ ಕೂರಿಸಿ, “ಹಿಂದಕ್ಕ ಬಾಗು! ಗಟ್ಟಿ ಹಿಡಕೋ!” ಎಂದು ತಾಲೀಮು ಕೊಡಿಸಿದ. ಬೀಜ ಕೊಳ್ಳಲು ಬಂದವರು ನಿಂತು ನೋಡಿದರು. ನೀಲಗಂಗಾಳಿಗೆ ಅಳುವೂ ಬಂತು, ಅದಕ್ಕಿಂತ ಹೆಚ್ಚು ನಗುವೂ ಬಂತು.

ಹೊರಡುವ ದಿನ ಹತ್ತಿರವಾದಾಗ ರವಿಕಾಂತ ಖುದ್ದಾಗಿ ಮನೆಗೆ ಬಂದ. ಚಹಾ ಕುಡಿದು, ಎಲ್ಲರ ಕಾರ್ಯಕ್ರಮ ಓದಿ ಹೇಳಿ, ಕೊನೆಗೆ ನೀಲಗಂಗಾಳ ಕಡೆ ತಿರುಗಿ, “ಕಾಯ್ ಟೆನ್ಶನ್ ನಕೋ ಕಾಕು, ಏನೂ ಚಿಂತಿ ಬ್ಯಾಡ. ಒಂಟಿ ಮ್ಯಾಲ ನೀವು ಒಬ್ಬರೇ ಇರಂಗಿಲ್ಲ. ಒಂದೊಂದು ಒಂಟಿಗಿ ಇಬ್ಬಿಬ್ಬರು. ಹಿಂದ ಕಾಕಾ ಕುಂದ್ರತಾರ, ಗಟ್ಟಿ ಹಿಡಕೋತಾರ!” ಎಂದ.

ಪಡಸಾಲೆ ಹೋ ಎಂದು ನಕ್ಕಿತು. ಸಿದ್ಧಯ್ಯ ನಾಚಿ ಮೀಸೆ ಸವರಿಕೊಂಡ. ನೀಲಗಂಗಾ ಚಹಾದ ಖಾಲಿ ಬಸಿಗಳನ್ನು ಎತ್ತಿಕೊಂಡು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ.

ರವಿಕಾಂತ ಹೋದ ಮೇಲೆ ಸಿದ್ಧಯ್ಯ ಅಡುಗೆಮನೆಗೆ ಬಂದ. ಅವಳು ತೊಳೆದ ಬಸಿಯನ್ನೇ ತೊಳೆಯುತ್ತಿದ್ದಳು.

“ಯಾಕ, ಏನಾತು? ನನ್ನ ಭಾರಕ್ಕ ಒಂಟಿ ಕುಸೀತದಂತ ಅಂಜಿಕೀ ಏನು?”

“ನನಗ ಒಂಟಿ ಬ್ಯಾಡ್ರಿ.”

“ನೀನೇ ಕೇಳ್ದಿ!”

“ನಾ ಕೇಳಿದ್ದು ಆ ಒಂಟಿ ಅಲ್ರಿ,” ಎಂದಳು ನೀಲಗಂಗಾ. ತಡೆದು ತಡೆದು ಸಾಕಾಗಿತ್ತು. “ಸಮುದ್ರದ ದಂಡ್ಯಾಗ ಒಂದು ತಾಸು ನಾ ಒಬ್ಬಾಕೀನೇ ಕುಂದ್ರಬೇಕಂತ ಕೇಳಿದ್ದೆ. ಯಾರೂ ಬ್ಯಾಡ. ಮಗ ಬ್ಯಾಡ, ಸೊಸಿ ಬ್ಯಾಡ. ನೀವೂ ಬ್ಯಾಡ್ರಿ.”

ಸಿದ್ಧಯ್ಯನ ಮುಖ ಕಪ್ಪಿಟ್ಟಿತು. ಗೋಡೆಗೆ ಆತುಕೊಂಡು ನಿಂತ. “ಬಿಡ್ತು ಅನ್ನು. ಎಂಥಾ ಮಾತಾಡ್ಲಕತ್ತೀದಿ? ನಾ ಏನ್ ಕಡಿಮಿ ಮಾಡೀನಿ ನಿನಗ?”

“ಕಡಿಮಿ ಏನೂ ಆಗಿಲ್ರಿ. ಹೆಚ್ಚಾಗ್ಯದ,” ಎಂದಳು. ಹೇಳಿದ ಮೇಲೆ ತನಗೇ ನಗು ಬಂದು, ಹಿಂದೆಯೇ ಕಣ್ಣಲ್ಲಿ ನೀರು ಬಂತು. “ನೀವು ಪೂಜಿಗಿ ಕುಂತಾಗ ಅಂಗೈದಾಗ ಲಿಂಗ ಹಿಡಕೊಂಡು ಕಣ್ಣು ಮುಚ್ಚತೀರಿ. ಆಗ ಮನೀ ಮಂದಿ ಎಲ್ಲಾ ಗಪ್‌ಚಿಪ್. ಬಂದವರು ಹೊರಗ ನಿಂದ್ರತಾರ. ನಾನೂ ಪೂಜಿ ಮಾಡತೀನ್ರಿ, ಒಂದು ಕಣ್ಣು ಹಾಲಿನ ಮ್ಯಾಲ, ಒಂದು ಕಿವಿ ಬಾಗಿಲ ಕಡಿ. ನಿಮಗ ದಿನಾ ಸಿಗೋದು ನನಗ ಒಂದು ಸಲ ಬೇಕಾಗ್ಯದ. ಅಷ್ಟೇ.”

ಸಿದ್ಧಯ್ಯ ಪಡಸಾಲೆಗೆ ಹೊರಟುಹೋದ. ಊರಿನವರ ಮದುವೆ ಮುಂಜಿ ಸಾವುಗಳಲ್ಲಿ ಯಾವ ಹೊತ್ತಿಗೆ ಯಾವ ಮಾತು ಆಡಬೇಕೆಂದು ಬಲ್ಲವನು, ಆ ದಿನ ಊಟಕ್ಕೆ ಕುಳಿತಾಗಲೂ ಸುಮ್ಮನೇ ಇದ್ದ. ಬೇಳೆಗೆ ಉಪ್ಪು ಹಾಕುವುದನ್ನು ನೀಲಗಂಗಾ ಮರೆತಿದ್ದಳು. ಅದನ್ನೂ ಹೇಳದೆ ಉಂಡ. ಅತ್ತೆ ಮಾವನ ನಡುವೆ ಏನೋ ಆಗಿದೆ ಎಂದು ಶೈಲಶ್ರೀ ಗಂಡನಿಗೆ ಕಣ್ಸನ್ನೆ ಮಾಡಿದಳು. ಕೆಟ್ಟ ಮಾತಾಡಿಬಿಟ್ಟೆನೇನೋ ಎಂದು ನೀಲಗಂಗಾಳಿಗೆ ಅನ್ನಿಸಿತು.

ಮರುದಿನ ಪೂಜೆ ಮುಗಿಸಿ ಎದ್ದವನೇ ಸಿದ್ಧಯ್ಯ ಫೋನು ತೆಗೆದುಕೊಂಡು ಅಂಗಳದಲ್ಲಿ ನಿಂತ. ಫೋನಿನಲ್ಲಿ ಮಾತಾಡುವಾಗ ಉದಗೀರಕ್ಕೆ ನೇರ ಕೇಳಿಸುವಷ್ಟು ಕೂಗುವುದು ಅವನ ಅಭ್ಯಾಸ.

“ರವಿಕಾಂತಾ, ಒಂಟಿ ತಗದು ಹಾಕು… ಬ್ಯಾಡ ಬ್ಯಾಡ, ಇರಲಿ. ಅದ್ರ ಮ್ಯಾಲ ನಾನೂ ನನ್ನ ಮಗನೂ ಕುಂದ್ರತೀವಿ. ನಮ್ಮ ಮನ್ಯಾಕಿಗಿ ಸಮುದ್ರದ ದಂಡ್ಯಾಗ ಒಂದು ತಾಸು ಮೋಕಳೀಕ ಬರಕೋ.”

ಅತ್ತ ಕಡೆಯವನು ಏನೋ ಕೇಳಿದ.

“ಮೋಕಳೀಕಪ್ಪಾ, ಮೋಕಳೀಕ! ನಿಮ್ಮ ಮರಾಠಿ ಮಾತೇ ಅದ, ನನಗೇನ್ ಕೇಳ್ತಿ? ಬಿಡುವು. ಏನ್ ಮಾಡ್ತಾರ ಅಂದ್ರ? ಏನೂ ಮಾಡೋದಿಲ್ಲ. ಅದೇ ಅದರ ಪ್ರೋಗ್ರಾಮ್!”

ಒಳಗೆ ಹಿಟ್ಟು ನಾದುತ್ತಿದ್ದ ನೀಲಗಂಗಾಳ ಕೈ ನಿಂತಿತು. ಮೋಕಳೀಕ. ಎಷ್ಟು ಸಲೀಸಾದ ಮಾತು. ಅದರಲ್ಲಿ ಕುಂಕುಮಕ್ಕೂ ಬಳೆಗೂ ಏನೂ ತಾಗುವುದಿಲ್ಲ. ರಾತ್ರಿಯೆಲ್ಲ ಹೊರಳಾಡಿ ಗಂಡ ಇದನ್ನೇ ಹುಡುಕುತ್ತಿದ್ದನೆಂದು ಅವಳಿಗೆ ತಿಳಿಯಿತು. ಈ ಮುದುಕನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

ಮಗ ಅಂಗಡಿಗೆ, ಸೊಸೆ ಶಾಲೆಗೆ ಹೋದ ಮೇಲೆ ಸಿದ್ಧಯ್ಯ ಒಂದು ಕುರ್ಚಿ ಎಳೆದುಕೊಂಡು ಹೊರಗೆ ಹೊರಟ.

“ಎಲ್ಲಿಗ್ರಿ?”

“ಇಲ್ಲೇ, ಕಟ್ಟಿ ಮ್ಯಾಲ. ನಿನಗ ರೂಢಿ ಇಲ್ಲ. ಪರದೇಶಕ್ಕ ಹೋಗಿ ಒಮ್ಮೆಲೇ ಒಬ್ಬಾಕೀನೇ ಕುಂತ್ರ ಎದಿ ಧಸಕ್ ಅಂತದ. ಇಲ್ಲಿ ಒಂದೀಟು ತಾಲೀಮ್ ಮಾಡು,” ಎಂದು ಬಾಗಿಲು ಮುಂದಕ್ಕೆ ಎಳೆದುಕೊಂಡ.

ನೀಲಗಂಗಾ ಪಡಸಾಲೆಯ ನಡುವೆ ನಿಂತಳು. ಇಷ್ಟು ದೊಡ್ಡದಿತ್ತೇ ಇದು? ಹಾಸಿದ ಜಮಖಾನೆಯನ್ನು ಇನ್ನೊಮ್ಮೆ ಸರಿಮಾಡಿದಳು. ಒಳಗೆ ಹೋಗಿ ಚಹಾ ಮಾಡಿಕೊಂಡಳು. ಮಾಡಿದ ಮೇಲೆ ನೋಡಿದರೆ ಅಭ್ಯಾಸಬಲದಿಂದ ಐದಾರು ಮಂದಿಗಾಗುವಷ್ಟಾಗಿತ್ತು. ಒಂದು ಬಸಿ ಬಸಿದುಕೊಂಡು ಬಂದು ಕಂಬಕ್ಕೆ ಒರಗಿ ಕುಳಿತಳು. ಯಾರೋ ಕರೆದಂತಾಗಿ “ಓ” ಎಂದಳು. ಯಾರೂ ಕರೆದಿರಲಿಲ್ಲ.

ಆಮೇಲೆ ನಿಜವಾಗಿಯೂ ಕಟ್ಟೆಯ ಹತ್ತಿರ ಚಂದ್ರಭಾಗಾಳ ದನಿ ಕೇಳಿಸಿತು. “ಅಮ್ಮಾವರು ಇದ್ದಾರೇನ್ರಿ ಅಯ್ಯಾರ?”

“ಇಲ್ಲವ್ವಾ. ದುಬೈಕ್ಕ ಹೋಗ್ಯಾಳ.”

“ಅಯ್ಯ, ಯಾವಾಗ್ರಿ? ಮುಂಜಾನಿ ನಳದ ಹತ್ತಿರ ಮಾತಾಡ್ಸಿದ್ರಲ್ಲ!”

“ಈಗರೇ ಹೋದ್ಳು. ಒಂದು ತಾಸಿಗಿ ಬರ್ತಾಳ. ಆಮ್ಯಾಲ ಬಾ.”

ನೀಲಗಂಗಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಣಿಯುವಷ್ಟು ನಗು. ಚಂದ್ರಭಾಗಾಳ ಚಪ್ಪಲಿಯ ಸದ್ದು ಪಕ್ಕದ ಮನೆಯ ಬಾಗಿಲವರೆಗೂ ಹೋಗಿ ನಿಂತಿತು. ನಗುವೂ ತಾನಾಗಿ ಇಳಿಯಿತು. ಅವಳು ಜಮಖಾನೆಯ ಮೇಲೆ ಎರಡೂ ಕಾಲನ್ನು ಉದ್ದಕ್ಕೆ ಚಾಚಿದಳು. ಬೆಳಕಿಂಡಿಯ ಬಿಸಿಲು ಕಾಲಬೆರಳ ಮೇಲೆ ಬಿದ್ದಿತ್ತು. ಬಸಿಯಲ್ಲಿನ ಚಹಾ ಇನ್ನೂ ಬಿಸಿಯಾಗಿತ್ತು.