ಹತ್ತು ಹೆಜ್ಜೆಯ ದರ್ಜಿ

ದರ್ಜಿ ತಟ್ಟೆ ಎಸೆದರೆ ಬುಟ್ಟಿಯೇ ಎದ್ದು ಎರಡು ಹೆಜ್ಜೆ ಮುಂದೆ ಬಂದು ಬಾಯಿ ತೆರೆದು ನುಂಗುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿದರೂ ಅಷ್ಟೇ, ಬೆನ್ನು ತಿರುಗಿಸಿ ನಿಂತರೂ ಅಷ್ಟೇ. ಒಮ್ಮೆ ಸೀನಿದಾಗ ಕೈಯಿಂದ ಜಾರಿದ ತಟ್ಟೆ ಮೂರು ಮರ ಸುತ್ತಿಕೊಂಡು ಹೋಗಿ ಬುಟ್ಟಿಯಲ್ಲಿ ತಣ್ಣಗೆ ಕುಳಿತಿತ್ತಂತೆ. ಇದನ್ನೆಲ್ಲ ಅವನು ಹೇಳುತ್ತಿದ್ದುದು, ಅಳತೆ ಕೊಡಲು ಕೈ ಅಗಲಿಸಿ ನಿಂತ, ಓಡಿಹೋಗಲಾಗದ ಗಿರಾಕಿಗಳಿಗೆ.

ಡಿಸ್ಕ್ ಗಾಲ್ಫಿನಲ್ಲಿ ಚೆಂಡಿನ ಬದಲು ತಟ್ಟೆ, ಗುಳಿಯ ಬದಲು ಕಂಬಕ್ಕೆ ಸಿಕ್ಕಿಸಿದ ಬುಟ್ಟಿ. ಅದರ ಮೇಲೆ ತಟ್ಟೆಯನ್ನು ತಡೆದು ಬೀಳಿಸಲು ಇಳಿಬಿಟ್ಟ ಸರಪಳಿಗಳು. ದೂರದಿಂದ ಬೀಸುವುದು ಬಸ್ ಕಂಡಕ್ಟರಾದ ಹೆಂಡತಿಯ ಕೆಲಸ. ಕೊನೆಯ ಹತ್ತು ಹೆಜ್ಜೆಯ ನಯವಾದ ಎಸೆತ, ಅಂದರೆ ಪಟ್ಟಿಂಗ್, ಅವನದು. ಹೋದ ವರ್ಷದ ಜೋಡಿ ಪಂದ್ಯದಲ್ಲಿ ಅವನ ಕೊನೆಯ ತಟ್ಟೆ ಬುಟ್ಟಿಯನ್ನು ಬಿಟ್ಟು ತೀರ್ಪುಗಾರರ ಟೀ ಲೋಟವನ್ನು ಹುಡುಕಿಕೊಂಡು ಹೋಗಿತ್ತು. ಈ ಸಲ ತಮ್ಮನನ್ನೇ ಜೋಡಿ ಮಾಡಿಕೊಳ್ಳುತ್ತೇನೆ ಎಂದು ಅವಳು ಹೇಳಿಬಿಟ್ಟಿದ್ದಳು. ಗಂಡಹೆಂಡಿರಿಗೆ ಒಟ್ಟಿಗೆ ರಜೆ ಸಿಗುವುದು ಪಂದ್ಯ ನಡೆಯುವ ಭಾನುವಾರ ಮಾತ್ರ. ಅದನ್ನೂ ಭಾವಮೈದುನನಿಗೆ ಬಿಟ್ಟುಕೊಟ್ಟು, ಬೆಂಚಿನ ಮೇಲೆ ನೀರಿನ ಬಾಟಲಿ ಕಾಯುತ್ತ ಕೂರುವುದನ್ನು ನೆನೆದರೆ ದರ್ಜಿಗೆ ಊಟ ಸೇರುತ್ತಿರಲಿಲ್ಲ.

ಹಾಗಾಗಿ ಅಂಗಡಿಯ ಹಿಂದಿನ ಉದ್ದನೆಯ ಕೋಣೆಯಲ್ಲಿ ಬುಟ್ಟಿ ನಿಲ್ಲಿಸಿಕೊಂಡು ಒಂದು ತಿಂಗಳಿಂದ ಅಭ್ಯಾಸ. "ಹತ್ತು ಹೆಜ್ಜೆಯಿಂದ ಇವತ್ತೂ ಒಂದೂ ತಪ್ಪಿಲ್ಲ" ಎಂದು ಮನೆಗೆ ದಿನಾ ವರದಿ.

ಮಂಗಳವಾರ ಡ್ಯೂಟಿ ಬೇಗ ಮುಗಿಸಿದ ಹೆಂಡತಿ ನೇರ ಅಂಗಡಿಯ ಹಿಂದಿನ ಕೋಣೆಗೇ ಬಂದಳು.

"ಪಂದ್ಯಕ್ಕೆ ಹೆಸರು ಕೊಡೋಕೆ ಹೊರಟಿದ್ದೆ. ಒಂದ್ಸಲ ನೋಡ್ಕೊಂಡು ಹೋಗೋಣ ಅಂತ."

"ನೋಡೋದೇನಿದೆ? ಬುಟ್ಟೀನೇ ಸುಸ್ತಾಗಿದೆ, ಸ್ವಲ್ಪ ಸುಧಾರಿಸ್ಕೊಳ್ಲಿ ಅಂತ ಬಿಟ್ಟಿದೀನಿ."

ಅವಳು ಬುಟ್ಟಿಯನ್ನು ನೋಡಲಿಲ್ಲ, ನೆಲವನ್ನು ನೋಡಿದಳು. ಕತ್ತರಿ ಹಾಕುವ ಮೊದಲು ಸೀಮೆಸುಣ್ಣದಲ್ಲಿ ಗುರುತು ಮಾಡಬೇಕು, ಕೊನೆಯ ಹೊಲಿಗೆ ಮುಗಿಯುವ ತನಕ ಗುರುತು ಅಳಿಸಬಾರದು: ದರ್ಜಿಯ ಕೈಗೆ ಮೂವತ್ತು ವರ್ಷಗಳಿಂದ ಅಂಟಿದ ಅಭ್ಯಾಸ ಅದು. ಹತ್ತು ಹೆಜ್ಜೆಗೆ ಒಂದು ನೇರ ಗೆರೆ, ಪಕ್ಕದಲ್ಲಿ ಅಲ್ಲಿಂದ ಬುಟ್ಟಿಗೆ ಬಿದ್ದ ತಟ್ಟೆಗಳ ಲೆಕ್ಕ: ಸೊನ್ನೆ. ಏಳಕ್ಕೆ ಗೆರೆ, ಸೊನ್ನೆ. ನಾಲ್ಕಕ್ಕೆ, ಒಂದು. ಕೊನೆಯ ಗೆರೆ ಬುಟ್ಟಿಯಿಂದ ಒಂದು ಮೊಳ ದೂರದಲ್ಲಿ. ಅಲ್ಲಿ ಮಾತ್ರ ದಪ್ಪಗೆ, ಸುತ್ತ ಬಳ್ಳಿ ಬಿಡಿಸಿ, ನೂರು.

"ಇದೇನ್ರೀ, ಬುಟ್ಟಿಗೆ ಅಂಗಿ ಹೊಲೀತಿದ್ದೀರಾ?"

"ಅದು ಯಾರದೋ ಹಳೇ ಪ್ಯಾಂಟಿನ ಗುರುತು."

"ಹತ್ತು ವರ್ಷದ ಮಗನ್ನ ಐದು ವರ್ಷ ಅಂತ ಹೇಳೋರು ದಿನಕ್ಕೆ ನಲವತ್ತು ಜನ ಸಿಗ್ತಾರೆ ನಂಗೆ. ಎಸೀರಿ. ನಾಲ್ಕು ಹೆಜ್ಜೆಯಿಂದಾನೇ."

ದರ್ಜಿ ಎಸೆದ. ತಟ್ಟೆ ಬುಟ್ಟಿಯ ಅಂಚಿಗೆ ಬಡಿದು ಹೊಲಿಗೆ ಯಂತ್ರದ ಕೆಳಗೆ ಉರುಳಿಹೋಯಿತು.

"ಬಿಟ್ಟ ತಕ್ಷಣ ಕೈ ಯಾಕೆ ಹಿಂದಕ್ಕೆ ಎಳ್ಕೋತೀರಿ? ಅದೇನು ಸೂಜೀನಾ, ದಾರ ಎಳೆಯೋಕೆ? ಕೈ ಬುಟ್ಟಿ ಕಡೆ ಚಾಚ್ಕೊಂಡೇ ಇರ್ಲಿ, ಕಿಟಕಿ ಸೀಟಿನವ್ರಿಗೆ ಟಿಕೆಟ್ ಕೊಡೋ ಥರ."

ಎರಡನೇ ಸಲ ಅವನು ಕೈಯನ್ನು ಮುಂದಕ್ಕೇ ಬಿಟ್ಟ. ಸರಪಳಿಗಳು ಝಲ್ಲೆಂದವು; ತಟ್ಟೆ ಬುಟ್ಟಿಯೊಳಗೆ ಬಿತ್ತು.

"ನೋಡಿದ್ಯಾ? ಮೊದಲನೇದು ಬೇಕೂಂತಲೇ ತಪ್ಪಿಸಿದ್ದು. ನಿಂಗೂ ಏನಾದ್ರೂ ಹೇಳಿಕೊಡೋ ಅವಕಾಶ ಇರ್ಲಿ ಅಂತ."

ಅವಳು ನಗಲಿಲ್ಲ. ಚೀಲದಿಂದ ಅರ್ಜಿ ತೆಗೆದು ಯಂತ್ರದ ಹಲಗೆಯ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದಳು.

"ಸಂಜೆ ಐದಕ್ಕೆ ಕೊನೆ. ಯಾರ ಹೆಸರು ಬರೀಲಿ? ನೀವೇ ಹೇಳಿ."

ನಾಲಿಗೆಯ ತುದಿಯಲ್ಲಿ ಆರೇಳು ಉತ್ತರ ಸಾಲುಗಟ್ಟಿದ್ದವು, ಒಂದಕ್ಕಿಂತ ಒಂದು ಭರ್ಜರಿ. ಪೆನ್ನು ಕಾಯುತ್ತಿತ್ತು.

"ಹತ್ತು ಹೆಜ್ಜೆಯಿಂದ ಈ ತಿಂಗಳಲ್ಲಿ ಒಂದೂ ಬಿದ್ದಿಲ್ಲ ಕಣೇ," ಎಂದ ದರ್ಜಿ. "ನಾಲ್ಕರಿಂದ, ಈಗಿನದೂ ಸೇರಿ ಎರಡು. ಹಿಂದಿನದು ಗೋಡೆಗೆ ಬಡಿದು ಬುಟ್ಟಿಗೆ ಬಿದ್ದಿದ್ದು. ನಿನ್ನ ತಮ್ಮ ನನಗಿಂತ ಚೆನ್ನಾಗಿ ಹಾಕ್ತಾನೆ. ಆದ್ರೂ ನನ್ನ ಹೆಸರೇ ಬರಿ."