ಬಾಗಿಲಾಚೆ ಉಳಿದ ಚಪ್ಪಲಿ

ಕುರ್ಚಿಗಳೆಲ್ಲ ಒಟ್ಟಿಗೇ ಕರ್ರೆಂದು ಹಿಂದೆ ಸರಿದವು, ಅಪ್ಪನ ಹೋಟೆಲಿನಲ್ಲಿ ಊಟ ಮುಗಿಸಿ ಆಫೀಸಿನವರೆಲ್ಲ ಒಮ್ಮೆಲೇ ಏಳುವ ಹಾಗೆ, ಪರೀಕ್ಷೆಯ ಹೊತ್ತು ಮುಗಿದು ಸಾಲಿಗೆ ಸಾಲೇ ಕಂಪ್ಯೂಟರುಗಳು ಕಪ್ಪಾದವು, ನನ್ನದೊಂದು ಉರಿಯುತ್ತಿದೆ, ನನಗಿನ್ನೂ ಸಮಯವಿದೆ — ಡಾಕ್ಟರ ಸರ್ಟಿಫಿಕೇಟಿಗೆ ಸಿಕ್ಕ ಹೆಚ್ಚಿನ ಸಮಯ. ಹೋಗುವವರೆಲ್ಲ ತಿರುಗಿ ನೋಡಿಯೇ ಹೋಗುತ್ತಾರೆ, ಕಣ್ಣು ಕಾಣುತ್ತದಲ್ಲ, ಕೈ ನೆಟ್ಟಗಿದೆಯಲ್ಲ, ಇವಳಿಗೆಂತದು ಅಂತ, ಅಕ್ಷರಗಳು ನನ್ನೆದುರು ಜಾಗ ಬದಲಿಸುತ್ತವೆ ಎಂದು ಎಷ್ಟು ಜನಕ್ಕೆ ಹೇಳುತ್ತ ಕೂರಲಿ, ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಮರೆತಿರುತ್ತದೆ, ಮತ್ತೆ ಶುರುವಿನಿಂದ — ಹರ್ಷಾ ಎದ್ದಳು. ದೊಡ್ಡಪ್ಪನ ಮಗಳು, ದೌಂಡ ಊರಿನಿಂದ ಬಂದು ನಮ್ಮಲ್ಲೇ ಇದ್ದು ಓದಿದವಳು, ಇದೇ ಎಂಬಿಎ ಸೀಟಿಗೆ ಅವಳೂ ಬರೆಯುತ್ತಿದ್ದಾಳೆ. ನನ್ನ ಕಡೆ ನೋಡಲಿಲ್ಲ, ತುಟಿ ಇನ್ನೂ ಲೆಕ್ಕ ಮಾಡುತ್ತಿತ್ತು, ಅವಳದು ಮುಗಿದಿಲ್ಲ, ನನಗೆ ಗೊತ್ತು. ಒಳಗೆ ಚಪ್ಪಲಿ ಬೇಡವೆಂದು ಬೆಳಿಗ್ಗೆ ಬಾಗಿಲಲ್ಲೇ ಬಿಡಿಸಿದ್ದರು, ಬಾಗಿಲ ಗಾಜಿನಾಚೆ ಚಪ್ಪಲಿಯ ದೊಡ್ಡ ಗುಡ್ಡೆ, ಈಗ ಕರಗುತ್ತಿದೆ. ಸಾವಕಾಶ ಕರ್ ಬೇಟಾ, ನಿಧಾನಕ್ಕೇ ಮಾಡು ಅಂತ, ಎನ್ನುತ್ತಾಳೆ ಮೇಲ್ವಿಚಾರಕಿ, ಕೈ ಮಾತ್ರ ಊಟದ ಡಬ್ಬಿಯ ಮೇಲೆ, ಹಸಿದಿದ್ದಾಳೆ, ನನ್ನಿಂದಾಗಿ. ಪರದೆಯ ಮೇಲಿನ ಪ್ರಶ್ನೆ, ಎರಡು ನಲ್ಲಿಗಳು, ಒಂದು ತೊಟ್ಟಿಯನ್ನು ತುಂಬಿಸುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ, ತುಂಬಲು ಎಷ್ಟು ಹೊತ್ತು — ಅಪ್ಪ ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆಲ್ಲ ಹೇಳುತ್ತಾರೆ, ನಮ್ಮ ತನುಶ್ರೀಗೆ ಹೆಚ್ಚು ಟೈಮು ಸಿಕ್ಕಿದೆ ಅಂತ, ಏನೋ ಬಹುಮಾನ ಗೆದ್ದ ಹಾಗೆ. ನಿನಗೆಂತ ಮಾರಾಯ್ತಿ, ಗಡಿಯಾರವೇ ನಿನ್ನ ಕಡೆ, ಎಂದಳು ಹರ್ಷಾ ನಿನ್ನೆ, ತೆಂಗಿನಕಾಯಿ ತುರಿಯುತ್ತ, ನಗುತ್ತಲೇ, ಆಮೇಲೆ ನಗದೆ ಕೇಳಿದಳು, ನಾನು ಸಂಜೆಯೆಲ್ಲ ಗಲ್ಲಾದಲ್ಲಿ ಕೂತದ್ದಕ್ಕೆ ಯಾವ ಡಾಕ್ಟರು ಬರೆದುಕೊಡ್ತಾರೆ ಹೇಳು. ಸಂಜೆ ನನಗೆ ಓದು, ಅವಳಿಗೆ ಗಲ್ಲಾ, ಅಪ್ಪ ಮಾಡಿದ ಏರ್ಪಾಡು, ಇದು ನಿಧಾನ ಓದ್ತದೆ, ಹರ್ಷಾ ಚುರುಕು, ಅವಳಿಗೆ ಸಾಕಾಗ್ತದೆ ಅಂತ.

ಇದು ಹೆಚ್ಚಲ್ಲಮ್ಮ, ನಿನ್ನಿಂದ ಹೋದದ್ದನ್ನೇ ವಾಪಸು ಕೊಡುವುದು, ಎಂದಿದ್ದರು ಡಾಕ್ಟರು, ನಂಬಿದ್ದೆ, ಈಗಲೂ ನಂಬುತ್ತೇನೆ, ಆದರೆ ಬೆನ್ನು ನಂಬುವುದಿಲ್ಲ, ಖಾಲಿ ಕುರ್ಚಿಗಳು ನೋಡುತ್ತಿವೆ ಎಂದು ಬಾಗುತ್ತದೆ, ಎದ್ದುಬಿಡಲೇ, ನಾನು ಬಿಟ್ಟ ಹೊತ್ತು ಹೋಗಿ ಹರ್ಷಾಳನ್ನು ಸೇರುತ್ತದೆಯೇ, ಸೇರುವುದಿಲ್ಲ, ಯಾರನ್ನೂ ಸೇರುವುದಿಲ್ಲ, ಹಾಗಾದರೆ ಓದು, ಎರಡು ನಲ್ಲಿಗಳು, ಒಂದು ತೊಟ್ಟಿ — ತಿರುಗಿದರೆ ಗಾಜಿನಾಚೆ ಯಾರೋ ಬಗ್ಗಿದರು, ಹರ್ಷಾ, ಹೋಗಿರಲಿಲ್ಲ, ಗುಡ್ಡೆಯಿದ್ದಲ್ಲಿ ಈಗ ನನ್ನ ಚಪ್ಪಲಿ ಮಾತ್ರ, ಜನರ ಕಾಲಿಗೆ ಸಿಕ್ಕಿ ಒಂದು ಅತ್ತ ಒಂದು ಇತ್ತ, ಎರಡನ್ನೂ ಹೆಕ್ಕಿ ಜೋಡಿಸಿದಳು, ಮುಖ ಹೊರಗೆ ಮಾಡಿ, ಮನೆಗೆ ಬಂದವರು ಹೊರಡುವಾಗ ಅಮ್ಮ ಇಡುವ ಹಾಗೆ, ಬೇಗ ಬಾ ಅಂತಲೋ, ನಿಧಾನಕ್ಕೆ ಬಾ ಅಂತಲೋ, ಅವಳ ಮುಖ ಕಾಣಲಿಲ್ಲ, ಗೋಡೆಗೆ ಒರಗಿ ಕಾಯುತ್ತಿದ್ದಾಳೆ, ಕಾಯುವುದೂ ಅವಳ ಪಾಲಿಗೇ, ಎರಡು ನಲ್ಲಿಗಳು, ಒಂದು, ಒಂದು ತುಂಬಿಸುತ್ತದೆ, ಕೊಟ್ಟ ಸಮಯವನ್ನೆಲ್ಲ ನಾನು ಇದನ್ನೇ ಯೋಚಿಸಿ ಸುರಿದೆನಲ್ಲ, ಪರದೆಯ ಮೂಲೆಯಲ್ಲಿ ಉಳಿದ ಸಮಯದ ಅಂಕಿ ಕೆಂಪಾಗಿದೆ, ತೊಟ್ಟಿ, ತುಂಬಲು — ಪರದೆ ಕಪ್ಪಾಯಿತು. ಕಪ್ಪು ಗಾಜಿನಲ್ಲಿ ನನ್ನ ಮುಖ, ಹಿಂದೆ ಬಾಗಿಲು, ಬಾಗಿಲಾಚೆ ಚಪ್ಪಲಿ, ಜೋಡಿಸಿಟ್ಟದ್ದು, ಮುಖ ಹೊರಗೆ.